ಪ್ರಮಾಣಪತ್ರದ ಹಿಂದಿನ ಬೋಧಕ: ಬಾಗಲಕೋಟೆ ಸೀಮೆಯ ಕಂಪ್ಯೂಟರ್ ಕೋರ್ಸುಗಳ ಒಂದು ಸಮೀಕ್ಷೆ

ಮಾಹಿತಿ ತಂತ್ರಜ್ಞಾನದ ಪ್ರಮಾಣಪತ್ರ ಕೋರ್ಸುಗಳು ಪದವಿ ಶಿಕ್ಷಣಕ್ಕಿಂತ ಅವಧಿಯಲ್ಲಿ ಕಿರಿದಾದವು, ಉದ್ದೇಶದಲ್ಲಿ ಹೆಚ್ಚು ನಿಖರವಾದವು. ಯಾವುದೋ ಒಂದು ತಂತ್ರಾಂಶವನ್ನು ಬಳಸಲು, ಕಂಪ್ಯೂಟರ್ ಜಾಲವೊಂದನ್ನು ಕಟ್ಟಿ ನಿರ್ವಹಿಸಲು ಅಥವಾ ಕಚೇರಿಯ ಲೆಕ್ಕಪತ್ರವನ್ನು ಯಂತ್ರದಲ್ಲಿ ಇಡಲು ಬೇಕಾದ ಕೌಶಲವನ್ನು ಕೆಲವು ವಾರಗಳಿಂದ ಒಂದು ವರ್ಷದವರೆಗಿನ ಅವಧಿಯಲ್ಲಿ ಕಲಿಸಿ, ಕೊನೆಗೆ ಪರೀಕ್ಷೆ ನಡೆಸಿ, ಅಭ್ಯರ್ಥಿಗೆ ಇಷ್ಟು ಬರುತ್ತದೆ ಎಂದು ಬರೆದುಕೊಡುವುದು ಇವುಗಳ ಕ್ರಮ. ಹಾಗೆ ಬರೆದುಕೊಡುವವರು ಎರಡು ಬಗೆಯವರು: ಒಂದು ಕಡೆ ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳು, ಇನ್ನೊಂದು ಕಡೆ ತಂತ್ರಾಂಶ ಅಥವಾ ಉಪಕರಣ ತಯಾರಿಸುವ ಕಂಪನಿಗಳು. ಕಲಿಯುವವರ ಸಂಖ್ಯೆ, ಶುಲ್ಕ, ಉದ್ಯೋಗ ಇವುಗಳ ಕುರಿತು ಇಲ್ಲಿಯವರೆಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಪಠ್ಯವೇ ಬದಲಾಗುವ ಈ ಕ್ಷೇತ್ರದಲ್ಲಿ ಕಲಿಸುವವನು ತನ್ನ ಕಲಿಕೆಯನ್ನು ಹೇಗೆ ಹೊಸದಾಗಿಟ್ಟುಕೊಳ್ಳುತ್ತಾನೆ, ಅವನಿಗೆ ತೊಡಕು ಬಂದಾಗ ಯಾರನ್ನು ಕೇಳುತ್ತಾನೆ ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಬಹುಮಟ್ಟಿಗೆ ಹಿಂದೆ ಉಳಿದಿದೆ. ಮಹಾನಗರದಲ್ಲಿ ಈ ಪ್ರಶ್ನೆಗೆ ಉತ್ತರ ಪಕ್ಕದ ಬೀದಿಯಲ್ಲೇ ಸಿಗಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಂಥ ಊರುಗಳಲ್ಲಿ ಕೋರ್ಸು ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಈ ನಾಲ್ಕು ಊರುಗಳು ಒಂದೇ ಜಿಲ್ಲೆಯೊಳಗಿದ್ದರೂ ಅವುಗಳ ಬದುಕು ಒಂದೇ ಬಗೆಯದಲ್ಲ. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಬಾಗಲಕೋಟೆಯು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗವನ್ನು ಬಿಟ್ಟುಕೊಟ್ಟು ನವನಗರವಾಗಿ ಬೆಳೆಯಿತು. ಕಚೇರಿ, ಆಸ್ಪತ್ರೆ, ಕಾಲೇಜುಗಳು ಅಲ್ಲಿ ಒಟ್ಟುಗೂಡಿದ್ದರಿಂದ ಸರ್ಕಾರಿ ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಜ್ಞಾನಕ್ಕೆ ಸಹಜವಾಗಿಯೇ ಬೇಡಿಕೆ ಹುಟ್ಟಿತು. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಆರಂಭಿಸಿದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಈ ಸೀಮೆಯ ತಾಂತ್ರಿಕ ಶಿಕ್ಷಣಕ್ಕೆ ಇಂದಿಗೂ ದೊಡ್ಡ ಆಸರೆ. ಬಾದಾಮಿಯ ಬದುಕು ಪ್ರವಾಸಿಗರ ಮೇಲೂ ಸುತ್ತಲಿನ ಬೇಸಾಯದ ಮೇಲೂ ನಿಂತಿದೆ. ಹುನಗುಂದ ಕಪ್ಪುನೆಲದ ಬೇಸಾಯದ ಊರು. ಹಿಂದೆ ಹುನಗುಂದ ತಾಲ್ಲೂಕಿಗೇ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಇಳಕಲ್ ಸೀರೆಗೂ ಕೆಂಪು ಗ್ರಾನೈಟಿಗೂ ಹೆಸರಾದ ವ್ಯಾಪಾರದ ಊರು. ಬಾಗಲಕೋಟೆ ಮತ್ತು ಬಾದಾಮಿಗಳು ಗದಗ–ಹೊಟಗಿ ರೈಲು ಮಾರ್ಗದ ಮೇಲಿದ್ದರೆ ಹುನಗುಂದ, ಇಳಕಲ್‌ಗಳಿಗೆ ಇರುವುದು ಸೊಲ್ಲಾಪುರ–ಚಿತ್ರದುರ್ಗದ ಹೆದ್ದಾರಿ. ಕಂಪನಿಗಳ ದೊಡ್ಡ ಪರೀಕ್ಷೆಗೆ ಕೂಡಬೇಕಾದವನು ಹುಬ್ಬಳ್ಳಿ, ಬೆಳಗಾವಿ ಅಥವಾ ಬೆಂಗಳೂರಿನ ಕಡೆ ಮುಖ ಮಾಡಬೇಕು.

ಕಂಪ್ಯೂಟರ್ ತರಗತಿಗಳು ಇಂಥ ಊರುಗಳಿಗೆ ಬಂದದ್ದು ಬಹುಪಾಲು ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಹಾದಿಯಲ್ಲಿ. ಸರ್ಕಾರಿ ವಾಣಿಜ್ಯ ಪರೀಕ್ಷೆಗಳಿಗೆ, ಅಂದರೆ ಬೆರಳಚ್ಚು ಮತ್ತು ಶೀಘ್ರಲಿಪಿಯ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ತರಬೇತಿ ನೀಡುತ್ತಿದ್ದ ಸಂಸ್ಥೆಗಳೇ ಕ್ರಮೇಣ ಕಂಪ್ಯೂಟರುಗಳನ್ನು ತರಿಸಿ ಬೇಸಿಕ್, ಡಿಟಿಪಿ, ಟ್ಯಾಲಿ ಎಂಬ ಬೋರ್ಡು ಹಾಕಿದವು. ಟೈಪಿಂಗ್ ಕಲಿಸುತ್ತಿದ್ದವನ ವಿದ್ಯೆ ಮೂವತ್ತು ವರ್ಷಕ್ಕೂ ಹಳತಾಗುತ್ತಿರಲಿಲ್ಲ, ಏಕೆಂದರೆ ಕೀಲಿಮಣೆ ಬದಲಾಗುತ್ತಿರಲಿಲ್ಲ. ಅದೇ ಬೋಧಕ ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಮೊದಲ ಬಾರಿಗೆ ತಾನೂ ವಿದ್ಯಾರ್ಥಿಯಾಗಿಯೇ ಉಳಿಯಬೇಕಾಯಿತು. 1976ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿದ್ಯುನ್ಮಾನ ಅಭಿವೃದ್ಧಿ ನಿಗಮ, ಅಂದರೆ ಜನರ ಬಾಯಲ್ಲಿ ಕಿಯೋನಿಕ್ಸ್, ತನ್ನ ಹೆಸರಿನಲ್ಲಿ ತರಬೇತಿ ಕೇಂದ್ರ ನಡೆಸಲು ಖಾಸಗಿಯವರಿಗೆ ಅನುಮತಿ ಕೊಡುವ ಫ್ರಾಂಚೈಸಿ ಪದ್ಧತಿಯ ಮೂಲಕ ಸಣ್ಣ ಊರುಗಳಿಗೂ ಬಂತು. 1981ರಲ್ಲಿ ಆರಂಭವಾದ ಎನ್‌ಐಐಟಿ, 1986ರ ಆಪ್ಟೆಕ್‌ಗಳಂಥ ಕಂಪನಿಗಳೂ ದೇಶದಾದ್ಯಂತ ಇದೇ ಪದ್ಧತಿಯಲ್ಲಿ ಬೆಳೆದವು. ಫ್ರಾಂಚೈಸಿ ಒಪ್ಪಂದದಲ್ಲಿ ಹೆಸರು, ಪಠ್ಯಪುಸ್ತಕ, ಪ್ರಮಾಣಪತ್ರದ ನಮೂನೆ ಮೇಲಿನಿಂದ ಬರುತ್ತವೆ. ಬೋಧಕನನ್ನು ಹುಡುಕಿ, ಸಂಬಳ ಕೊಟ್ಟು, ತಿದ್ದಿ ತೀಡುವ ಹೊರೆ ಮಾತ್ರ ಊರಿನ ಮಾಲೀಕನದಾಗಿರುತ್ತದೆ.

ಈ ಕೋರ್ಸುಗಳ ಪೈಕಿ ಸ್ಥಳೀಯ ಅಗತ್ಯಕ್ಕೆ ಅತ್ಯಂತ ಹತ್ತಿರವಾದದ್ದು ಟ್ಯಾಲಿ ಎಂಬುದರಲ್ಲಿ ಸಂದೇಹವಿಲ್ಲ. 1986ರಲ್ಲಿ ಗೋಯೆಂಕಾ ತಂದೆ ಮಗ ಆರಂಭಿಸಿದ, ಬೆಂಗಳೂರಿನಲ್ಲಿ ನೆಲೆಯಿರುವ ಸಂಸ್ಥೆಯ ಈ ಲೆಕ್ಕಪತ್ರ ತಂತ್ರಾಂಶವು 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಸಣ್ಣ ವ್ಯಾಪಾರಿಗೂ ಅನಿವಾರ್ಯವಾಯಿತು. ಪಠ್ಯಪುಸ್ತಕದಲ್ಲಿರುವ ಉದಾಹರಣೆ ಯಾವುದೋ ದೊಡ್ಡ ನಗರದ ಎಬಿಸಿ ಟ್ರೇಡರ್ಸ್‌ನದಾಗಿರುತ್ತದೆ. ಇಳಕಲ್ಲಿನ ವಿದ್ಯಾರ್ಥಿಗೆ ಬೇಕಾದದ್ದು ಬೇರೆ. ಇಳಕಲ್ಲಿನ ವ್ಯಾಪಾರಿಯೊಬ್ಬ ಹುಬ್ಬಳ್ಳಿಯ ಅಂಗಡಿಗೆ ಸೀರೆ ಮಾರಿದರೆ ಶೇ 5ರ ತೆರಿಗೆಯು ಕೇಂದ್ರ ಮತ್ತು ರಾಜ್ಯಗಳ ನಡುವೆ ಎರಡೂವರೆ ಎರಡೂವರೆಯಾಗಿ ಒಡೆಯುತ್ತದೆ. ಅದೇ ಸೀರೆ ಸೊಲ್ಲಾಪುರಕ್ಕೆ ಹೋದರೆ ರಾಜ್ಯದ ಗಡಿ ದಾಟಿದ್ದರಿಂದ ಪೂರ್ತಿ ಶೇ 5 ಏಕೀಕೃತ ತೆರಿಗೆಯಾಗಿ ದಾಖಲಾಗಬೇಕು. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಲಾರಿಯೊಂದಿಗೆ ಇ-ವೇ ಬಿಲ್ ಹೋಗಬೇಕು. ಗ್ರಾನೈಟಿನ ವ್ಯವಹಾರದಲ್ಲಿ ಕಚ್ಚಾ ಬ್ಲಾಕಿಗೆ ಒಂದು ದರ, ಪಾಲಿಶ್ ಆದ ಸ್ಲ್ಯಾಬಿಗೆ ಇನ್ನೊಂದು ದರ. ತಂತ್ರಾಂಶದಲ್ಲಿ ಲೆಡ್ಜರ್ ಸೃಷ್ಟಿಸುವಾಗ ಗ್ರಾಹಕನ ರಾಜ್ಯವನ್ನು ತಪ್ಪಾಗಿ ಆರಿಸಿದರೆ ಮುಂದಿನ ಪ್ರತಿ ಬಿಲ್ಲೂ ತಪ್ಪಾಗುತ್ತದೆ, ಆ ತಪ್ಪು ಗೊತ್ತಾಗುವುದು ರಿಟರ್ನ್ ಸಲ್ಲಿಸುವ ದಿನ. ಇದನ್ನು ಮೊದಲೇ ಎಚ್ಚರಿಸುವ ಬೋಧಕನಿಗೆ ಆ ಅರಿವು ಬಂದಿರುವುದು ಪ್ರಮಾಣಪತ್ರದ ಪಠ್ಯದಿಂದಲ್ಲ, ಊರಿನ ತೆರಿಗೆ ಸಲಹೆಗಾರನ ಬಳಿ ಕುಳಿತು ಅಥವಾ ತನಗಿಂತ ಹಿರಿಯ ಬೋಧಕನನ್ನು ಕೇಳಿ. 2020ರ ನವೆಂಬರಿನಲ್ಲಿ ಟ್ಯಾಲಿ ಇಆರ್‌ಪಿ 9ರ ಜಾಗಕ್ಕೆ ಟ್ಯಾಲಿಪ್ರೈಮ್ ಬಂದು ತೆರೆಯ ವಿನ್ಯಾಸವೂ ಕೀಲಿಗಳ ಕ್ರಮವೂ ಬದಲಾದಾಗ, ಹಳೆಯ ಕೀಲಿಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಬೋಧಕರೇ ಎಲ್ಲರಿಗಿಂತ ಹೆಚ್ಚು ತಡವರಿಸಬೇಕಾಯಿತು.

ಸರ್ಕಾರಿ ವ್ಯವಸ್ಥೆಯಲ್ಲಿ ಬೋಧಕನ ತರಬೇತಿಗೆ ಕಾಗದದ ಮೇಲೆ ಒಂದು ಹಾದಿಯಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ಕೋಪಾ ಎಂದು ಕರೆಯಲಾಗುವ ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಎಂಬ ಒಂದು ವರ್ಷದ ವೃತ್ತಿ ಕೋರ್ಸನ್ನು ಕಲಿಸುವವರು ಕಿರಿಯ ತರಬೇತಿ ಅಧಿಕಾರಿಗಳು. ಅಂಥವರಿಗಾಗಿಯೇ ಕೇಂದ್ರ ಸರ್ಕಾರದ ಕರಕುಶಲ ಬೋಧಕ ತರಬೇತಿ ಯೋಜನೆ ಇದ್ದು, ಅದರಲ್ಲಿ ವಿಷಯಜ್ಞಾನದ ಜೊತೆಗೆ ಪಾಠ ಯೋಜಿಸುವುದು, ಪ್ರಾತ್ಯಕ್ಷಿಕೆ ನಡೆಸುವುದು, ಕೆಲಸವನ್ನು ಅಳೆಯುವುದು ಇವುಗಳನ್ನೂ ಒಂದು ವರ್ಷ ಕಲಿಸಲಾಗುತ್ತದೆ. ಬೋಧನೆಯೂ ಕಲಿಯಬೇಕಾದ ವಿದ್ಯೆ ಎಂದು ಒಪ್ಪಿಕೊಂಡ ಕೆಲವೇ ಯೋಜನೆಗಳಲ್ಲಿ ಇದು ಒಂದು. ಆದರೆ ಒಮ್ಮೆ ಪಡೆದ ಆ ತರಬೇತಿ ಬೋಧಕನ ಉಳಿದ ಸೇವಾವಧಿಗೆಲ್ಲ ಸಾಕೆಂಬ ಎಣಿಕೆ ಅದರ ಹಿಂದಿದೆ. ಫಿಟ್ಟರ್ ಅಥವಾ ವೆಲ್ಡರ್ ವೃತ್ತಿಗೆ ಅದು ಅಷ್ಟಿಷ್ಟು ಹೊಂದಬಹುದಾದರೂ, ಹತ್ತು ವರ್ಷಗಳಲ್ಲಿ ಆಪರೇಟಿಂಗ್ ಸಿಸ್ಟಂ, ಪ್ರೋಗ್ರಾಮಿಂಗ್ ಭಾಷೆ, ಸೈಬರ್ ಸುರಕ್ಷತೆಯ ಪಾಠಗಳೆಲ್ಲ ಬದಲಾಗುವ ಕೋಪಾಗೆ ಹೊಂದುವುದಿಲ್ಲ. 1990ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಜಂಟಿಯಾಗಿ ಆರಂಭಿಸಿದ ಡೋಯೆಕ್ ಯೋಜನೆ 2011ರಲ್ಲಿ ನೈಲಿಟ್ ಎಂಬ ಸಂಸ್ಥೆಯಾಗಿ ಮರುಹೆಸರು ಪಡೆದಿದ್ದು, ಅದರ ಒ ಲೆವೆಲ್, ಎ ಲೆವೆಲ್ ಪರೀಕ್ಷೆಗಳೂ 80 ಗಂಟೆಗಳ ಸಿಸಿಸಿ ಕೋರ್ಸೂ ದೇಶದ ಇತರ ಭಾಗಗಳಲ್ಲಿ, ವಿಶೇಷವಾಗಿ ಉತ್ತರ ಭಾರತದಲ್ಲಿ ಪಡೆದ ಪ್ರಚಾರವನ್ನು ಕರ್ನಾಟಕದಲ್ಲಿ ಪಡೆಯಲಿಲ್ಲ.

ಕರ್ನಾಟಕದಲ್ಲಿ ಸರ್ಕಾರಿ ನೌಕರರ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷಾ ನಿಯಮಗಳು. ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗದಿದ್ದರೆ ಬಡ್ತಿ, ವೇತನ ಬಡ್ತಿಗಳಿಗೆ ತೊಡಕಾಗುತ್ತದೆ ಎಂದಾದಾಗ ಮಧ್ಯವಯಸ್ಸಿನ ಶಿಕ್ಷಕರು, ಗುಮಾಸ್ತರು, ಗ್ರಾಮ ಲೆಕ್ಕಾಧಿಕಾರಿಗಳು ಕಂಪ್ಯೂಟರ್ ಕೇಂದ್ರಗಳ ಮೆಟ್ಟಿಲು ಹತ್ತಿದರು. ಗಡುವು ಹಲವು ಬಾರಿ ಮುಂದೆ ಹೋಯಿತೆಂಬುದೇ ಈ ಕಲಿಕೆ ಎಷ್ಟು ನಿಧಾನವಾಗಿತ್ತೆಂಬುದನ್ನು ಹೇಳುತ್ತದೆ. ಇಪ್ಪತ್ತರ ಹರೆಯದ ಬೋಧಕಿಯೊಬ್ಬಳು ತನ್ನ ತಂದೆಯ ವಯಸ್ಸಿನವರಿಗೆ ಮೌಸ್ ಹಿಡಿಯುವುದನ್ನೂ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಒತ್ತಕ್ಷರ ಮೂಡಿಸುವುದನ್ನೂ, ಅವರ ಮರ್ಯಾದೆಗೆ ಕುಂದು ಬಾರದಂತೆ ಕಲಿಸುವುದು ಬೇರೆಯೇ ಬೋಧನಾ ಕೌಶಲ. ಯಾವ ಕೈಪಿಡಿಯಲ್ಲೂ ಅದರ ಪ್ರಸ್ತಾಪವಿಲ್ಲ. 2017ರಲ್ಲಿ ಆರಂಭವಾಗಿ 2024ರ ಮಾರ್ಚಿಗೆ ಮುಗಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಇನ್ನೊಂದು ತುದಿಯ ನಿದರ್ಶನ. ಆರು ಕೋಟಿ ಗ್ರಾಮೀಣ ಕುಟುಂಬಗಳ ಗುರಿ ಇಟ್ಟುಕೊಂಡ ಆ ಯೋಜನೆಯಲ್ಲಿ ಒಬ್ಬ ಕಲಿಕಾರ್ಥಿಗೆ 20 ಗಂಟೆ ಪಾಠ, ತೇರ್ಗಡೆಯಾದವನ ತಲೆಗೆ ತರಬೇತಿ ಕೇಂದ್ರಕ್ಕೆ 300 ರೂಪಾಯಿ. ತಲೆಯೆಣಿಕೆಯ ಮೇಲೆ ಹಣ ಬರುವ ವ್ಯವಸ್ಥೆಯಲ್ಲಿ ಬೋಧಕನ ಗಮನ ಎಣಿಕೆಯ ಕಡೆ ಹೋಗುವುದು ಅವನ ದೋಷವಲ್ಲ, ವ್ಯವಸ್ಥೆಯದು.

ಕಂಪನಿಗಳ ಪ್ರಮಾಣಪತ್ರಗಳಲ್ಲಿ ಬೋಧಕನ ಪ್ರಶ್ನೆಯನ್ನು ಅತ್ಯಂತ ವ್ಯವಸ್ಥಿತವಾಗಿ ಯೋಚಿಸಿದ್ದು ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ ಎನ್ನಬಹುದು. ಜಾಲ ಉಪಕರಣ ತಯಾರಿಸುವ ಸಿಸ್ಕೊ ಕಂಪನಿ 1997ರಲ್ಲಿ ಅಮೆರಿಕದ ಏಳು ರಾಜ್ಯಗಳ 64 ಶಿಕ್ಷಣ ಸಂಸ್ಥೆಗಳೊಂದಿಗೆ ಇದನ್ನು ಆರಂಭಿಸಿತು. ಅದರ ಆರಂಭಿಕ ಹಂತದ ಪ್ರಮಾಣಪತ್ರವಾದ ಸಿಸಿಎನ್ಎ 1998ರಲ್ಲಿ ಬಂತು. ಶಾಲೆಗಳಿಗೆ ದಾನವಾಗಿ ಕೊಟ್ಟ ಉಪಕರಣಗಳನ್ನು ನಿರ್ವಹಿಸಲು ಯಾರಿಗೂ ಬಾರದಿದ್ದುದೇ ಈ ಯೋಜನೆಯ ಮೂಲವಾಗಿದ್ದರಿಂದ, ಬೋಧಕನನ್ನು ಮೊದಲು ತಯಾರು ಮಾಡದೆ ತರಗತಿ ಆರಂಭಿಸುವಂತಿಲ್ಲ ಎಂಬ ನಿಯಮ ಅಲ್ಲಿ ಮೊದಲಿನಿಂದಲೂ ಗಟ್ಟಿಯಾಗಿತ್ತು. ಆರಂಭದಲ್ಲಿ ಮೇಲಿನ ತರಬೇತಿ ಕೇಂದ್ರವು ಪ್ರಾದೇಶಿಕ ಅಕಾಡೆಮಿಗೆ, ಪ್ರಾದೇಶಿಕ ಅಕಾಡೆಮಿಯು ಸ್ಥಳೀಯ ಅಕಾಡೆಮಿಗೆ ಕಲಿಸುವ ಮೂರು ಹಂತದ ಏಣಿಯಿತ್ತು. ನಂತರ ಅದನ್ನು ಬಿಟ್ಟು ಎರಡು ಬೇರೆ ಬೇರೆ ಕೆಲಸಗಳನ್ನು ಗುರುತಿಸಲಾಯಿತು: ಹೊಸ ಬೋಧಕರಿಗೆ ವಿಷಯ ಕಲಿಸುವ ಬೋಧಕ ತರಬೇತಿ ಕೇಂದ್ರ ಒಂದು, ಈಗಾಗಲೇ ಕಲಿಸುತ್ತಿರುವವರ ದಿನನಿತ್ಯದ ತೊಡಕುಗಳಿಗೆ ಜೊತೆ ನಿಲ್ಲುವ ಅಕಾಡೆಮಿ ಬೆಂಬಲ ಕೇಂದ್ರ ಇನ್ನೊಂದು. ಈ ವಿಂಗಡಣೆಯೇ ಈ ಸಮೀಕ್ಷೆಯ ದೃಷ್ಟಿಯಿಂದ ಮುಖ್ಯವಾದದ್ದು, ಏಕೆಂದರೆ ತರಬೇತಿ ಮುಗಿಯುವ ದಿನಾಂಕವುಳ್ಳ ಕೆಲಸ, ಬೆಂಬಲಕ್ಕೆ ಅಂಥ ದಿನಾಂಕವಿಲ್ಲ. ನಮ್ಮ ಬಹುತೇಕ ಯೋಜನೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಹಣದ ಬಾಬತ್ತು ಇದೆ.

ಬೆಂಬಲವೆಂದರೆ ಏನೆಂಬುದನ್ನು ಜಾಲಪಾಠದ ಒಂದು ಸಣ್ಣ ಘಟ್ಟದಲ್ಲಿ ನೋಡಬಹುದು. ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ರೂಟರ್, ಸ್ವಿಚ್, ಕೇಬಲ್‌ಗಳನ್ನೆಲ್ಲ ತೆರೆಯ ಮೇಲೆಯೇ ಜೋಡಿಸಬಹುದಾದ್ದರಿಂದ ಲಕ್ಷಾಂತರ ರೂಪಾಯಿಯ ಉಪಕರಣವಿಲ್ಲದ ಪ್ರಯೋಗಾಲಯದಲ್ಲೂ ಪಾಠ ನಡೆಯುತ್ತದೆ. ಒಂದು ದೊಡ್ಡ ಜಾಲವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆಯುವ ಸಬ್‌ನೆಟ್ಟಿಂಗ್ ಎಂಬ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚು. 192.168.10.0 ಎಂಬ ಜಾಲವನ್ನು /26 ಎಂಬ ಮಾಸ್ಕಿನಿಂದ ಒಡೆದರೆ ಒಂದೊಂದು ಭಾಗಕ್ಕೆ 64 ವಿಳಾಸ ಬರುತ್ತವೆ. ಮೊದಲನೆಯದು ಜಾಲದ ಹೆಸರಿಗೂ ಕೊನೆಯದು ಎಲ್ಲರಿಗೂ ಒಮ್ಮೆಲೇ ಸಾರುವುದಕ್ಕೂ ಮೀಸಲಾಗಿ, ಯಂತ್ರಗಳಿಗೆ ಕೊಡಲು ಉಳಿಯುವುದು 62. ವಿದ್ಯಾರ್ಥಿ ಒಂದು ಕಂಪ್ಯೂಟರಿಗೆ 62ನೆಯ, ಪಕ್ಕದ್ದಕ್ಕೆ 65ನೆಯ ವಿಳಾಸ ಕೊಟ್ಟು, ಎರಡನ್ನೂ ಒಂದೇ ಸ್ವಿಚ್ಚಿಗೆ ಜೋಡಿಸಿ, ಪಿಂಗ್ ಎಂಬ ಪರೀಕ್ಷಾ ಸಂದೇಶ ಕಳಿಸುತ್ತಾನೆ. ಕೇಬಲ್ಲಿನ ತುದಿಯಲ್ಲಿ ಹಸಿರು ಗುರುತು ಇದೆ, ಉತ್ತರ ಮಾತ್ರ ಬರುವುದಿಲ್ಲ. ಅವನ ಸಂಶಯ ಮೊದಲು ಕೇಬಲ್ಲಿನ ಮೇಲೆ, ನಂತರ ತಂತ್ರಾಂಶದ ಮೇಲೆ. ಹೊಸ ಬೋಧಕ ಅವಸರದಿಂದ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ತಪ್ಪನ್ನು ತೋರಿಸಿಬಿಡುತ್ತಾನೆ. ಅನುಭವಿ ಬೋಧಕ ಹಾಗೆ ಮಾಡದೆ, ಎರಡನೆಯ ಯಂತ್ರದ ವಿಳಾಸವನ್ನು ಒಂದೊಂದೇ ಇಳಿಸುತ್ತ ಹೋಗಿ ಎಲ್ಲಿ ಉತ್ತರ ಬರಲು ಶುರುವಾಗುತ್ತದೆಂದು ನೋಡಲು ಹೇಳುತ್ತಾನೆ. 64, 63 ದಾಟಿ, ಮೊದಲ ಯಂತ್ರದ್ದೇ ಆದ 62ನ್ನು ಬಿಟ್ಟು 61ಕ್ಕೆ ಬಂದಾಗ ಉತ್ತರ ಬರುತ್ತದೆ, ಬೇಲಿ ಎಲ್ಲಿದೆಯೆಂದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಇಂಥ ಯುಕ್ತಿ ಪಠ್ಯದಲ್ಲಿರುವುದಿಲ್ಲ. ಒಬ್ಬ ಬೋಧಕ ಇನ್ನೊಬ್ಬನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಾಗ ಮಾತ್ರ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಕಂಪನಿಗಳ ಪ್ರಮಾಣಪತ್ರಗಳಿಗೆ ಆಯುಷ್ಯ ಕಡಿಮೆ ಎಂಬುದೂ ಬೋಧಕನ ತಲೆನೋವು. ಸಿಸಿಎನ್ಎ ಮೂರು ವರ್ಷ ಮಾತ್ರ ಸಿಂಧು. 2020ರ ಫೆಬ್ರವರಿ 24ರಂದು ಸಿಸ್ಕೊ ತನ್ನ ಭದ್ರತೆ, ನಿಸ್ತಂತು ಮೊದಲಾದ ಬೇರೆ ಬೇರೆ ಸಿಸಿಎನ್ಎಗಳನ್ನು ಒಂದರಲ್ಲೇ ಸೇರಿಸಿ, ಜಾಲದ ಯಾಂತ್ರೀಕರಣ ಹಾಗೂ ಪ್ರೋಗ್ರಾಮಿಂಗಿನ ಅಂಶಗಳನ್ನು ಹೊಸದಾಗಿ ತಂದಿತು. ಅಲ್ಲಿಯವರೆಗೆ ಕೇಬಲ್ಲು, ರೂಟರುಗಳಲ್ಲಿ ಪಳಗಿದ್ದ ಬೋಧಕರು ಒಮ್ಮೆಲೇ ಪ್ರೋಗ್ರಾಮಿಂಗಿನ ಹೊಸ್ತಿಲಲ್ಲಿ ನಿಂತರು. ಮೈಕ್ರೊಸಾಫ್ಟ್ 2021ರ ಜನವರಿ 31ಕ್ಕೆ ಎಂಸಿಎಸ್ಎ, ಎಂಸಿಎಸ್ಇ ಪ್ರಮಾಣಪತ್ರಗಳನ್ನೇ ಕೈಬಿಟ್ಟು, ಉದ್ಯೋಗದ ಪಾತ್ರಕ್ಕೆ ತಕ್ಕಂತೆ ಹೊಸ ಪ್ರಮಾಣಪತ್ರಗಳನ್ನು ತಂದು, ಮೇಲಿನ ಹಂತದವುಗಳನ್ನು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕೆಂದಿತು. ಸಿಸಿಎನ್ಎ ಪರೀಕ್ಷೆಯ ಶುಲ್ಕ 300 ಡಾಲರ್, ಅಂದರೆ ತೆರಿಗೆ ಬಿಟ್ಟೇ 25 ಸಾವಿರ ರೂಪಾಯಿಗೆ ಮಿಕ್ಕಿದ್ದು. ತಾಲ್ಲೂಕು ಊರಿನ ಖಾಸಗಿ ಕೇಂದ್ರದ ಬೋಧಕನಿಗೆ ಅದು ತಿಂಗಳ ಸಂಬಳವನ್ನೂ ಮೀರುವ ಮೊತ್ತ. 2020ರ ನಂತರ ಮನೆಯಿಂದಲೇ ಕ್ಯಾಮೆರಾದ ಮುಂದೆ ಪರೀಕ್ಷೆ ಬರೆಯುವ ಅನುಕೂಲ ಬಂದಿದ್ದರೂ, ಗದ್ದಲವಿಲ್ಲದ ಕೋಣೆ, ನಡುವೆ ಕಡಿಯದ ಇಂಟರ್ನೆಟ್, ಹೋಗದ ಕರೆಂಟು ಮೂರೂ ಒಟ್ಟಿಗೆ ಎರಡು ಗಂಟೆ ಸಿಗಬೇಕೆಂಬ ಷರತ್ತಿನಿಂದಾಗಿ ಹಲವರು ಇಂದಿಗೂ ಹುಬ್ಬಳ್ಳಿಯ ಬಸ್ಸನ್ನೇ ನಂಬುತ್ತಾರೆ.

ಸಹಬೋಧಕರಿಗೆ ನೆರವಾಗುವ ಪದ್ಧತಿಗಳು ಕರ್ನಾಟಕಕ್ಕೆ ಹೊಸವೇನಲ್ಲ. ಅತಿ ಹೆಚ್ಚು ಬಳಕೆಯಲ್ಲಿರುವುದು ಸರಣಿ ತರಬೇತಿ: ರಾಜ್ಯ ಮಟ್ಟದಲ್ಲಿ ಕೆಲವರಿಗೆ ಕಲಿಸಿ ಅವರನ್ನು ಸಂಪನ್ಮೂಲ ವ್ಯಕ್ತಿಗಳೆಂದು ಕರೆಯುವುದು, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಕಲಿಸುವುದು. ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ತಲುಪುವಷ್ಟೇ ಈ ತರಬೇತಿಯೂ ತಾಲ್ಲೂಕಿನ ಬೋಧಕನಿಗೆ ತಲುಪುತ್ತದೆ. ಐದು ದಿನದ ಮೂಲ ತರಬೇತಿ ಕೆಳಗಿಳಿಯುತ್ತ ಒಂದು ದಿನದ ಭಾಷಣವಾಗುತ್ತದೆ, ಕೀಲಿಮಣೆ ಮುಟ್ಟುವ ಅವಕಾಶ ಪ್ರತಿ ಹಂತದಲ್ಲೂ ಕಡಿಮೆಯಾಗುತ್ತದೆ. ಐಐಟಿ ಬಾಂಬೆ ನಡೆಸಿದ ಹತ್ತು ಸಾವಿರ ಶಿಕ್ಷಕರ ತರಬೇತಿ ಯೋಜನೆ ಈ ದೋಷಕ್ಕೆ ಒಂದು ಉತ್ತರ ಹುಡುಕಿತು. ದೇಶದ ನೂರಾರು ಎಂಜಿನಿಯರಿಂಗ್ ಕಾಲೇಜುಗಳನ್ನು ದೂರಕೇಂದ್ರಗಳಾಗಿ ಮಾಡಿ, ಮುಖ್ಯ ಉಪನ್ಯಾಸವನ್ನು ಎಲ್ಲರಿಗೂ ಒಂದೇ ಕಾಲಕ್ಕೆ ನೇರವಾಗಿ ಬಿತ್ತರಿಸಿ, ಪ್ರಯೋಗವನ್ನು ಮಾತ್ರ ಆಯಾ ಕೇಂದ್ರದಲ್ಲಿ ಸ್ಥಳೀಯ ಸಂಯೋಜಕನ ಕಣ್ಣೆದುರಿಗೆ ಮಾಡಿಸುವುದು ಅದರ ಕ್ರಮವಾಗಿತ್ತು. 2004ರಲ್ಲಿ ಇನ್ಫೊಸಿಸ್ ಆರಂಭಿಸಿದ ಕ್ಯಾಂಪಸ್ ಕನೆಕ್ಟ್ ಕಾರ್ಯಕ್ರಮವೂ ಅಧ್ಯಾಪಕರ ತರಬೇತಿಯನ್ನು ತನ್ನ ಮುಖ್ಯ ಭಾಗವಾಗಿಸಿಕೊಂಡಿತ್ತು. ಇವೆರಡರ ಫಲ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲೇ ಹೆಚ್ಚು ಉಳಿಯಿತು. ಪಕ್ಕದ ಬೀದಿಯ ಟ್ಯಾಲಿ ಬೋಧಕನ ಲೆಕ್ಕ ಅದರಲ್ಲಿ ಇರಲೇ ಇಲ್ಲ.

ಶಾಲಾ ಶಿಕ್ಷಕರ ವಲಯದಲ್ಲಿ ಇದಕ್ಕಿಂತ ಆಳವಾದ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆದಿದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳು ಸೇರಿ 2011ರಿಂದ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಕಂಪ್ಯೂಟರನ್ನು ಪ್ರತ್ಯೇಕ ವಿಷಯವಾಗಿ ಕಲಿಸದೆ, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಂಥ ಸಾಧನಗಳ ಮೂಲಕ ಅವರದೇ ವಿಷಯದೊಳಗೆ ತರಲಾಯಿತು. ತರಬೇತಿ ಮುಗಿದ ಮೇಲೆಯೂ ಶಿಕ್ಷಕರು ಪರಸ್ಪರ ಪ್ರಶ್ನೆ ಕೇಳುತ್ತ, ತಯಾರಿಸಿದ ಪಾಠಗಳನ್ನು ಹಂಚುತ್ತ ಹೋದರು. ಆ ಹಂಚಿಕೆಯಿಂದಲೇ ಕನ್ನಡದ ಮುಕ್ತ ಶೈಕ್ಷಣಿಕ ಸಂಪನ್ಮೂಲ ಸಂಗ್ರಹವೊಂದು ಬೆಳೆಯಿತು. ತಂತ್ರಜ್ಞಾನ ತಮಗೆ ಒಗ್ಗದೆಂದು ತಿಳಿದಿದ್ದ ಶಿಕ್ಷಕರು ಇನ್ನೊಬ್ಬ ಶಿಕ್ಷಕನಿಂದ ಕಲಿಯಲು ಹಿಂಜರಿಯಲಿಲ್ಲ ಎಂಬುದು ಅದರ ದೊಡ್ಡ ಪಾಠ. ಬಾಗಲಕೋಟೆ ಜಿಲ್ಲೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇರುವುದು ಜಿಲ್ಲಾ ಕೇಂದ್ರದಲ್ಲಲ್ಲ, ಇಳಕಲ್ಲಿನಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾದ ಈ ಬಗೆಯ ಸಂಸ್ಥೆಗಳು ಶಾಲಾ ಶಿಕ್ಷಕರಿಗೆ ಮೀಸಲಾಗಿದ್ದು, ಐಟಿಐಯ ಕಿರಿಯ ತರಬೇತಿ ಅಧಿಕಾರಿ, ಪಾಲಿಟೆಕ್ನಿಕ್ಕಿನ ಉಪನ್ಯಾಸಕ, ಖಾಸಗಿ ಕೇಂದ್ರದ ಬೋಧಕ ಇವರಿಗೆ ಅದೇ ಊರಿನಲ್ಲಿ ಅಂಥ ಬಾಗಿಲು ಇಲ್ಲ. ಕಲಿಸುವ ವಿಷಯ ಒಂದೇ ಆಗಿದ್ದರೂ ಇಲಾಖೆ ಬೇರೆಯಾದುದರಿಂದ ಇವರು ಒಬ್ಬರಿಗೊಬ್ಬರು ಪರಿಚಿತರಾಗುವುದೇ ಅಪರೂಪ.

ಪಾಲಿಟೆಕ್ನಿಕ್‌ಗಳಲ್ಲಿ 2020-21ರಿಂದ ಜಾರಿಯಾದ ಸಿ-20 ಪಠ್ಯಕ್ರಮ ಬೋಧಕನ ಮೇಲೆ ಹಿಂದೆಂದೂ ಇಲ್ಲದ ಭಾರ ಹಾಕಿತು. ಐದನೆಯ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯು ಫುಲ್ ಸ್ಟ್ಯಾಕ್, ಕ್ಲೌಡ್, ಸೈಬರ್ ಸೆಕ್ಯುರಿಟಿ, ಕೃತಕ ಬುದ್ಧಿಮತ್ತೆಗಳಂಥ ಹಾದಿಗಳಲ್ಲಿ ಒಂದನ್ನು ಆರಿಸಿಕೊಂಡು ಬಹುತೇಕ ಅದರಲ್ಲೇ ತೊಡಗುತ್ತಾನೆ, ಆ ಹಾದಿ ಆರಿಸಿಕೊಂಡವರ ತಂಡದ ಹೊಣೆ ಹೊತ್ತ ಉಪನ್ಯಾಸಕನನ್ನು ಕೋಹಾರ್ಟ್ ಓನರ್ ಎಂದು ಕರೆಯಲಾಗುತ್ತದೆ. ಪಠ್ಯವಾಗಿ ಇದು ಕಂಪನಿಗಳ ಪ್ರಮಾಣಪತ್ರಕ್ಕೆ ಬಹಳ ಹತ್ತಿರ ಬಂದಿರುವುದು ಸ್ವಾಗತಾರ್ಹ. ಆದರೆ ಹದಿನೈದು ವರ್ಷ ಸಿ ಭಾಷೆ, ಡೇಟಾಬೇಸ್ ಕಲಿಸಿದವರು ಒಂದು ಬೇಸಿಗೆಯಲ್ಲಿ ಕ್ಲೌಡ್ ಕಲಿತು ಇಡೀ ಸೆಮಿಸ್ಟರನ್ನು ಹೊರಬೇಕೆಂದರೆ, ಆ ವಿಷಯವನ್ನು ಆಗಲೇ ಒಮ್ಮೆ ನಡೆಸಿದ ಇನ್ನೊಂದು ಪಾಲಿಟೆಕ್ನಿಕ್ಕಿನ ಉಪನ್ಯಾಸಕನ ದೂರವಾಣಿ ಸಂಖ್ಯೆಗಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ 2014ರಿಂದ ಕೊಡುತ್ತಿರುವ ಪ್ರಮಾಣಪತ್ರಗಳೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕೋರ್ಸು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಾರದ ಅಸೈನ್‌ಮೆಂಟುಗಳಿಗೆ ಶೇ 25, ಮೇಲ್ವಿಚಾರಣೆಯ ಪರೀಕ್ಷೆಗೆ ಶೇ 75 ಅಂಕ. ಅಧ್ಯಾಪಕರು ವಿದ್ಯಾರ್ಥಿಗಳ ಜೊತೆಗೇ ಹೆಸರು ನೋಂದಾಯಿಸಿ ಅದೇ ಪರೀಕ್ಷೆ ಬರೆಯುವುದು ಇದರಲ್ಲಿ ಸಾಧ್ಯವಾಗಿದ್ದು, ಬೋಧಕನೂ ಕಲಿಯುವವನೇ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡ ವ್ಯವಸ್ಥೆ ಎಂಬ ಕಾರಣಕ್ಕೆ ಇದು ಮೆಚ್ಚತಕ್ಕದ್ದು.

ಭಾಷೆಯ ಪ್ರಶ್ನೆಯನ್ನು ಬಿಟ್ಟು ಈ ಸೀಮೆಯ ಬೋಧನೆಯನ್ನು ಅಳೆಯಲಾಗದು. ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಕನ್ನಡ ಮಾಧ್ಯಮದಿಂದ ಬಂದವರು, ಕಂಪನಿಗಳ ಪರೀಕ್ಷೆ ಇಂಗ್ಲಿಷಿನಲ್ಲಿ, ತೆರೆಯ ಮೇಲಿನ ಆದೇಶಗಳೂ ಇಂಗ್ಲಿಷಿನಲ್ಲಿ. ಹೀಗಾಗಿ ಪಾಠ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ನಡೆದು, ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲೇ ಉಳಿಯುವ ಮಿಶ್ರ ಶೈಲಿ ತಾನಾಗಿಯೇ ರೂಪುಗೊಂಡಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಈ ಶೈಲಿಗೆ ಒಂದು ಶಿಸ್ತು ತಂದಿತು: ಸುಮಾರು ಹತ್ತು ನಿಮಿಷದ ಪಾಠದಲ್ಲಿ ತೆರೆಯ ಚಿತ್ರ ಇಂಗ್ಲಿಷಿನಲ್ಲೇ ಇದ್ದು ವಿವರಣೆ ಕನ್ನಡದಲ್ಲಿ ಬರುತ್ತದೆ, ಕಲಿಯುವವನು ಪಾಠವನ್ನು ಅಲ್ಲಲ್ಲಿ ನಿಲ್ಲಿಸುತ್ತ ಪಕ್ಕದ ಕಿಟಕಿಯಲ್ಲಿ ತಾನೂ ಅದನ್ನೇ ಮಾಡುತ್ತಾನೆ. ಪಾಠದ ಬರಹವನ್ನು ಧ್ವನಿಮುದ್ರಣಕ್ಕೆ ಮೊದಲು ವಿಷಯ ತಿಳಿಯದ ಹೊಸಬನೊಬ್ಬನಿಗೆ ಕೊಟ್ಟು, ಅವನಿಗೆ ಅದರಿಂದಲೇ ಕೆಲಸ ಮಾಡಲು ಬರುತ್ತದೆಯೇ ಎಂದು ಪರೀಕ್ಷಿಸುವ ಪದ್ಧತಿ ಅಲ್ಲಿದೆ. ಸಹಬೋಧಕನ ಪಾಠವನ್ನು ವಿಮರ್ಶಿಸುವಾಗ ಪರಿಣತನಿಗಿಂತ ಹೊಸಬನ ಕಣ್ಣು ಹೆಚ್ಚು ಉಪಯುಕ್ತ ಎಂಬ ಈ ತಿಳಿವಳಿಕೆ ನಮ್ಮ ಕೇಂದ್ರಗಳಿಗೂ ಬರಬೇಕಾದದ್ದು. ಇಂಗ್ಲಿಷ್ ಪ್ರಶ್ನೆಯ ಉದ್ದ ವಾಕ್ಯವನ್ನು ಒಡೆದು ಓದುವುದನ್ನು ಕಲಿಸುವುದು ಜಾಲಪಾಠದಷ್ಟೇ ಮುಖ್ಯ. ಉತ್ತರ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಂಡವರು ಪ್ರತಿ ತಂಡದಲ್ಲೂ ಇರುತ್ತಾರೆ.

ಪರೀಕ್ಷೆಯ ಪ್ರಾಮಾಣಿಕತೆಯ ವಿಷಯದಲ್ಲಿ ಮುಚ್ಚುಮರೆ ಬೇಡ. ಸೋರಿಕೆಯಾದ ಪ್ರಶ್ನೆಗಳನ್ನು ಡಂಪ್ ಎಂಬ ಹೆಸರಿನಲ್ಲಿ ಮಾರುವ ದಂಧೆ ಜಗತ್ತಿನಾದ್ಯಂತ ಇದೆ, ಮತ್ತು ಬಾಯಿಪಾಠ ಮಾಡಿ ತೇರ್ಗಡೆಯಾದವನು ಕೆಲಸದ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾನೆ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆಗಳು ಆಯ್ಕೆಯ ಪ್ರಶ್ನೆಗಳನ್ನೇ ಬಿಟ್ಟು, ಅಭ್ಯರ್ಥಿಯನ್ನು ನಿಜವಾದ ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿಸುವುದರಿಂದ ಈ ರೋಗಕ್ಕೆ ಅಷ್ಟಾಗಿ ತುತ್ತಾಗಿಲ್ಲ. ಹಾಗೆಂದು ಎಲ್ಲ ಪ್ರಮಾಣಪತ್ರವನ್ನೂ ಅನುಮಾನದಿಂದ ನೋಡಬೇಕಿಲ್ಲ. ತೇರ್ಗಡೆಯ ಸಂಖ್ಯೆಯಿಂದಲೇ ಬೋಧಕನ ಯೋಗ್ಯತೆ ಅಳೆಯುವ ಕೇಂದ್ರದಲ್ಲಿ ಡಂಪಿಗೆ ಬೇಡವೆನ್ನುವ ಧೈರ್ಯ ಒಬ್ಬಂಟಿ ಬೋಧಕನಿಗೆ ಬರುವುದು ಕಷ್ಟ, ನಾಲ್ಕು ಜನ ಸಹಬೋಧಕರ ನಡುವೆ ಇರುವವನಿಗೆ ಸುಲಭ.

ರಾಜ್ಯ ಸರ್ಕಾರ 2024ರಲ್ಲಿ ಎರಡು ದೊಡ್ಡ ಘೋಷಣೆಗಳನ್ನು ಮಾಡಿತು. ಆಗಸ್ಟಿನಲ್ಲಿ ಸೈಬರ್ ಸುರಕ್ಷತಾ ನೀತಿಯ ಜೊತೆಗೆ ಸಿಸ್ಕೊ ಕಂಪನಿಯೊಂದಿಗೆ 40,000 ಜನರಿಗೆ ತರಬೇತಿ ನೀಡುವ ಒಪ್ಪಂದ, ಅದರಲ್ಲಿ ಅರ್ಧದಷ್ಟು ಮಹಿಳೆಯರು. ನವೆಂಬರಿನಲ್ಲಿ ಮೈಕ್ರೊಸಾಫ್ಟ್, ಇಂಟೆಲ್, ಅಕ್ಸೆಂಚರ್, ಐಬಿಎಂ ಮೊದಲಾದವರೊಂದಿಗೆ ಒಂದು ಲಕ್ಷ ಯುವಜನರಿಗಾಗಿ ನಿಪುಣ ಕರ್ನಾಟಕ ಎಂಬ ತರಬೇತಿ ಯೋಜನೆ. ಎರಡೂ ಗುರಿಗಳನ್ನು ಎಣಿಸಿರುವುದು ಕಲಿಯುವವರ ತಲೆಯೆಣಿಕೆಯಲ್ಲಿ. ಅವರ ಪೈಕಿ ಹುನಗುಂದದವರೂ ಬಾದಾಮಿಯವರೂ ಇರಬೇಕಾದರೆ ಅಲ್ಲಿ ಕಲಿಸುವವರ ಲೆಕ್ಕವನ್ನೂ ಅದೇ ಕಾಗದದಲ್ಲಿ ಬರೆಯಬೇಕಾಗುತ್ತದೆ. ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಹುನಗುಂದ, ಇಳಕಲ್‌ಗಳು ಹೆದ್ದಾರಿಯ ಮೇಲೆ ಒಂದಕ್ಕೊಂದು ಕೂಗಳತೆಯ ಊರುಗಳಂತಿವೆ; ಬಾದಾಮಿಯಿಂದಲೂ ಇಳಕಲ್ಲಿನಿಂದಲೂ ಬೆಳಿಗ್ಗೆ ಬಾಗಲಕೋಟೆಗೆ ಹೋಗಿ ಸಂಜೆ ಮನೆ ಸೇರಬಹುದು. ಎಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್ಕಿನ ಒಂದು ಪ್ರಯೋಗಾಲಯ, ತಿಂಗಳಿಗೆ ಒಂದು ದಿನ, ಇಲಾಖೆಯ ಭೇದವಿಲ್ಲದೆ ಇಪ್ಪತ್ತು ಬೋಧಕರು, ಮುಂದಿನ ತಿಂಗಳು ಕಲಿಸಬೇಕಾದ ಒಂದು ಕಠಿಣ ಪಾಠ ಇಷ್ಟಿದ್ದರೆ ಸಾಕು. ಕಂಪನಿಗಳು ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿ ಪರೀಕ್ಷಾ ಚೀಟಿಗಳಲ್ಲಿ ಒಂದು ಪಾಲನ್ನು ಬೋಧಕರ ಮರುಪರೀಕ್ಷೆಗೆ ತೆಗೆದಿಟ್ಟರೆ ಖರ್ಚಿನ ದೊಡ್ಡ ಭಾಗವೂ ಇಳಿಯುತ್ತದೆ. ಉಳಿಯುವ ತೊಡಕು ಸಮಯದ್ದು. ಸರ್ಕಾರಿ ಬೋಧಕನಿಗೆ ಅಂಥ ಸಭೆಗೆ ಹೋಗಲು ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತದ ಅನುಮತಿ, ಮಂಜೂರಾಗುತ್ತದೆ. ಖಾಸಗಿ ಕೇಂದ್ರದವನು ಹೋದ ದಿನ ಕೇಂದ್ರದ ಬಾಗಿಲು ಮುಚ್ಚಿರುತ್ತದೆ, ಆ ದಿನದ ಸಂಬಳವೂ ಹೋಗುತ್ತದೆ. ಭಾನುವಾರ ಸೇರೋಣವೆಂದರೆ ಕೆಲಸಕ್ಕೆ ಹೋಗುವವರು ಕಲಿಯಲು ಬರುವುದು ಅದೇ ದಿನ, ಹಾಗಾಗಿ ಕೇಂದ್ರಗಳಿಗೆ ಅತಿ ಹೆಚ್ಚು ಗಿರಾಕಿ ಇರುವ ದಿನವೂ ಅದೇ. ದಿನಗೂಲಿಯಷ್ಟಾದರೂ ಒಂದು ಹಾಜರಿ ಭತ್ಯೆಯನ್ನು ಯಾವ ಇಲಾಖೆ ಯಾವ ಶೀರ್ಷಿಕೆಯಡಿ ಭರಿಸಬೇಕೆಂಬುದು ಮೊದಲು ತೀರ್ಮಾನವಾಗಬೇಕಾದ ವಿಷಯ.